ಕರ್ನಲ್ ಮೆನುವಿನಲ್ಲಿ ಟ್ರಾನ್ಸ್‌ಮೆಟಾ

ಹಳೇ 32 ಬಿಟ್ ಯಂತ್ರಕ್ಕೆ ಲಿನಕ್ಸ್ 6.1 ಕರ್ನಲ್ ಬಿಲ್ಡ್ ಮಾಡೋಣ ಅಂತ ಮೆನುಕಾನ್ಫಿಗ್ ತೆರೆದು ಕೂತಿದ್ದೇನೆ. ಪ್ರೊಸೆಸರ್ ವಿಭಾಗದಲ್ಲಿ ಯಾವ್ಯಾವ ಕಂಪನಿಯ ಚಿಪ್‌ಗೆ ಬೆಂಬಲ ಬೇಕು ಅಂತ ಕೇಳುವ ಪಟ್ಟಿ ಇದೆ. ಎಕ್ಸ್‌ಪರ್ಟ್ ಆಯ್ಕೆ ಆನ್ ಮಾಡಿದರೆ ಮಾತ್ರ ಕಾಣುತ್ತೆ. ಇಂಟೆಲ್, ಎಎಂಡಿ ಸರಿ. ಅವುಗಳ ಜೊತೆಗೇ ಸೈರಿಕ್ಸ್, ಟ್ರಾನ್ಸ್‌ಮೆಟಾ!

ಟ್ರಾನ್ಸ್‌ಮೆಟಾ ನೋಡಿ ಕೈ ನಿಂತೇ ಹೋಯ್ತು. ಲಿನಕ್ಸ್ ಸೃಷ್ಟಿಸಿದ ಲೈನಸ್ ಟೊರ್ವಾಲ್ಡ್ಸ್ 1997ರಿಂದ 2003ರವರೆಗೆ ಕೆಲಸ ಮಾಡಿದ ಕಂಪನಿ ಅದು. 2000ದಲ್ಲಿ ಕ್ರೂಸೋ ಚಿಪ್ ತಂದಿತು, x86 ಆದೇಶಗಳನ್ನು ಸಾಫ್ಟ್‌ವೇರ್‌ನಲ್ಲೇ ತನ್ನ ಭಾಷೆಗೆ ಬದಲಿಸಿಕೊಂಡು ಓಡುತ್ತಿದ್ದ ಚಿಪ್. ಕಂಪನಿ ಈಗಿಲ್ಲ, ಆದರೆ ಆ ಚಿಪ್ ಗುರುತಿಸುವ ಕೋಡ್ ಇಲ್ಲಿದೆ.

ಆ ಕೋಡ್ ತೆಗೆದರೆ ಕರ್ನಲ್ ಒಂಚೂರು ಚಿಕ್ಕದಾಗುತ್ತೆ, ಆದರೆ ಅದೇ ಚಿಪ್ ಇರುವ ಯಂತ್ರದಲ್ಲಿ ಬೂಟ್ ಆಗದೇ ಇರಬಹುದು ಅಂತ ಸಹಾಯಪಠ್ಯ ಹೇಳುತ್ತೆ. ಎಷ್ಟು ಜವಾಬ್ದಾರಿಯ ಮಾತು! ಹಾಗಂತ ಎಲ್ಲವನ್ನೂ ಇಟ್ಟುಕೊಂಡೇ ಇರುತ್ತಾರೆ ಅಂತಲ್ಲ. ಲಿನಕ್ಸ್ 1991ರಲ್ಲಿ ಹುಟ್ಟಿದ್ದೇ ಇಂಟೆಲ್‌ನ 386 ಚಿಪ್ ಮೇಲೆ, ಆ 386ರ ಬೆಂಬಲವನ್ನೇ 2013ರ 3.8 ಆವೃತ್ತಿಯಲ್ಲಿ ತೆಗೆದರು. ಅದನ್ನು ನಿಭಾಯಿಸುವ ಕಷ್ಟ ಅಷ್ಟಿತ್ತು, ಸರಿಯಾದ ತೀರ್ಮಾನವೇ. ಆದರೂ ಯಾರಿಗೂ ಹೊರೆಯಾಗದ ಚಿಕ್ಕ ಕೋಡ್ ಉಳಿಯಲಿ ಅನ್ನೋದು ನನ್ನ ಆಸೆ. ಹೊಸ ಯಂತ್ರ ಕೊಳ್ಳಲಾಗದವರಿಗೆ ಅದೇ ಆಧಾರ.

ನಿಮ್ಮಲ್ಲಿ ಯಾರ ಮನೆ, ಕಾಲೇಜು ಲ್ಯಾಬ್‌ನಲ್ಲಿ ಇನ್ನೂ 32 ಬಿಟ್ ಯಂತ್ರ ಓಡ್ತಿದೆ? ಯಾವ ಚಿಪ್, ಯಾವ ಕರ್ನಲ್? ಹೇಳಿ.