ಮೈಬಣ್ಣಕ್ಕೆ ಎಷ್ಟು ಮಾರ್ಕು?

ಕಲ್ಲಡ್ಕದ ನಮ್ಮ ಕಾಲನಿಯಲ್ಲಿ ದಿನ ತುಂಬದೆ ಹೆರಿಗೆಯಾದರೆ ಬಂದವರೆಲ್ಲ ಕೇಳುವುದು, 'ಮಗು ಬಣ್ಣ ಉಂಟಾ?' ಆಸ್ಪತ್ರೆಯೂ ಬಣ್ಣ ನೋಡ್ತದೆ, ಗೊತ್ತುಂಟಾ?

1953ರಲ್ಲಿ ಡಾ. ವರ್ಜೀನಿಯಾ ಅಪ್ಗಾರ್ ಪ್ರಕಟಿಸಿದ ಪಟ್ಟಿಯಲ್ಲಿ ಎದೆಬಡಿತ, ಉಸಿರು, ಸ್ನಾಯುಬಿಗಿ, ಪ್ರತಿಕ್ರಿಯೆ, ಬಣ್ಣ, ಐದಕ್ಕೂ ತಲಾ 2 ಅಂಕ. ಮೈಯೆಲ್ಲ ಗುಲಾಬಿಯಾದರೆ ಬಣ್ಣಕ್ಕೆ ಪೂರ್ತಿ 2. ನಮ್ಮ ಕಪ್ಪು ಮಕ್ಕಳು ಗುಲಾಬಿ ಆಗುವುದು ಹೇಗೆ ಮಾರಾಯ್ರೆ? ಅವರ ನಾಲಿಗೆ, ತುಟಿಯ ಒಳಬದಿ ನೋಡಬೇಕು. ಏಳು ತಿಂಗಳಿಗೇ ಹುಟ್ಟಿದ ಮಗುವಿನ ಸ್ನಾಯುಬಿಗಿಯೂ ಕಮ್ಮಿಯೇ.

ಆ ಅಂಕ ಆ ಗಳಿಗೆಯ ಸ್ಥಿತಿ, ಜಾತಕ ಅಲ್ಲ. 'ಮಾರ್ಕು ಕಮ್ಮಿ, ಆಸೆ ಬಿಡಿ' ಅಂದರೆ ನಾನು ಹೇಳುವುದಿಷ್ಟೇ, ಅಕ್ಕಂದಿರೇ: ಎಷ್ಟು ವಾರ, ತೂಕ ಎಷ್ಟು, ಉಸಿರು ಹೇಗುಂಟು ಅಂತ ಕೇಳಿ.

ಬಣ್ಣ ನೋಡಿ ಅಂಕ ಕಳೆಯುವುದು ನಮಗೆ ಹೊಸತಲ್ಲ. ಇನ್ನು ಲೆಕ್ಕ ಕೇಳುವ. ಜೈ ಭೀಮ್.