ನೂಲು, ನೇಯ್ಗೆ

ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದ ನನಗೆ ಈ ಗಾದೆ ಅರ್ಧ ಸತ್ಯ ಎಂದು ಮೊದಲಿನಿಂದಲೂ ಅನಿಸಿದೆ. ಒಂದೇ ನೂಲು ಒಬ್ಬರ ಮಗ್ಗದಲ್ಲಿ ಒತ್ತಾಗಿ ಬರುತ್ತಿತ್ತು, ಇನ್ನೊಬ್ಬರ ಮಗ್ಗದಲ್ಲಿ ಜಾಳುಜಾಳಾಗಿ. ಆದರೂ ಮಕ್ಕಳ ವಿಷಯ ಬಂದಾಗ ಮಗ್ಗವನ್ನು ಬಿಟ್ಟು ನೂಲನ್ನೇ ದೂರುತ್ತೇವೆ.

ಹೋದ ವರ್ಷ ಅಕ್ಕ ಊರಿಂದ ಪುಣೆಗೆ ಫೋನ್ ಮಾಡಿದಳು. ಹದಿನಾರರ ಮಗನ ಚೀಲದಲ್ಲಿ ಸಿಗರೇಟ್ ಸಿಕ್ಕಿತ್ತು. ದನಿಯಲ್ಲಿ ಸಿಟ್ಟಿಗಿಂತ ಸೋಲು ಹೆಚ್ಚಿತ್ತು. "ಅವರ ಮುತ್ಯಾನ ರಕ್ತ ಐತಿ ನೋಡಪಾ, ಎಲ್ಲಿ ಹೋಗತೈತಿ?" ಕುಡಿದು ಹೊಲ ಕಳೆದ ಆ ಮುತ್ಯಾನನ್ನು ಹುಡುಗ ಕಂಡೇ ಇಲ್ಲ. ಆದರೆ ತಾನು ಯಾರಂತೆ ಆಗುತ್ತೇನೆಂದು ಸಣ್ಣಂದಿನಿಂದ ಕೇಳುತ್ತಲೇ ಬಂದಿದ್ದಾನೆ.

ಅಕ್ಕನ ಮಾತು ಪೂರಾ ಸುಳ್ಳಲ್ಲ. ಒಬ್ಬರು ಕುಡಿತದ ಚಟಕ್ಕೆ ಬಿದ್ದು ಇನ್ನೊಬ್ಬರು ಬೀಳದಿರುವ ವ್ಯತ್ಯಾಸದಲ್ಲಿ ಸುಮಾರು ಅರ್ಧ ವಂಶವಾಹಿಗಳದ್ದು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಆದರೆ ಜೀನ್ ಇದ್ದರೆ ಸಾಲದು, ಅದು ಕೆಲಸ ಮಾಡಬೇಕು. ಡಿಎನ್‌ಎ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಕೂತರೆ ಅಲ್ಲಿಯ ಜೀನ್ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಡಿಎನ್‌ಎಯ ಅಕ್ಷರಗಳು ಇದ್ದಂತೆಯೇ ಇರುತ್ತವೆ, ಜೀವಕೋಶ ಅವನ್ನು ಓದುವ ರೀತಿ ಬದಲಾಗುತ್ತದೆ. ಇಂಥ ಗುರುತುಗಳ ಅಧ್ಯಯನವೇ ಎಪಿಜೆನೆಟಿಕ್ಸ್.

2004ರಲ್ಲಿ ಮಾಂಟ್ರಿಯಲ್‌ನ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ, ಮೋಶೆ ಝಿಫ್ ಮತ್ತು ಸಂಗಡಿಗರು ಇದನ್ನು ಇಲಿಗಳಲ್ಲಿ ತೋರಿಸಿದರು. ಹುಟ್ಟಿದ ಮೊದಲ ವಾರ ತಾಯಿ ಹೆಚ್ಚು ನೆಕ್ಕಿ ಸಲಹಿದ ಮರಿಗಳು ದೊಡ್ಡವಾದ ಮೇಲೆ ಒತ್ತಡದಿಂದ ಬೇಗ ಚೇತರಿಸಿಕೊಳ್ಳುತ್ತಿದ್ದವು. ಆ ಆರೈಕೆ ಸಿಗದವುಗಳಲ್ಲಿ, ಒತ್ತಡದ ಹಾರ್ಮೋನನ್ನು ಹತೋಟಿಗೆ ತರಲು ನೆರವಾಗುವ ಜೀನ್ ಮೇಲೆ ಮೀಥೈಲ್ ಹೆಚ್ಚಿತ್ತು. ಆದರೆ ಅವೇ ಮರಿಗಳನ್ನು ಹುಟ್ಟಿದ ಕೂಡಲೇ ಹೆಚ್ಚು ನೆಕ್ಕುವ ತಾಯಿಯ ಬಳಿ ಬಿಟ್ಟಾಗ, ಗುರುತು ಹೆತ್ತವಳಂತೆ ಬರಲಿಲ್ಲ, ಸಾಕಿದವಳಂತೆ ಬಂತು.

ಹರೆಯದಲ್ಲಿ ಮಿದುಳು ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ. ಶಿಕಾಗೋದ ಸುಭಾಷ್ ಪಾಂಡೆಯವರ ತಂಡ ಹರೆಯದ ಇಲಿಗಳಿಗೆ ಬಿಟ್ಟು ಬಿಟ್ಟು ಮದ್ಯ ಕೊಟ್ಟು ನೋಡಿತು. ದೊಡ್ಡವಾದ ಮೇಲೂ ಅವು ಹೆಚ್ಚು ಅಂಜುತ್ತಿದ್ದವು, ಹೆಚ್ಚು ಕುಡಿಯುತ್ತಿದ್ದವು. ಮಿದುಳಿನ ಅಮಿಗ್ಡಲಾ ಭಾಗದಲ್ಲಿ ಆರ್ಕ್ ಎಂಬ ಜೀನಿನ ಕೆಲಸ ತಗ್ಗಿತ್ತು. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಜೀನಿನ ಬಳಿಯ ಗುರುತುಗಳನ್ನು ತಿದ್ದಿದಾಗ ಅಂಜಿಕೆ, ಕುಡಿತ ಎರಡೂ ಇಳಿದವು.

ಮನುಷ್ಯರಲ್ಲಿ ಇದು ಇಷ್ಟು ಸಲೀಸಲ್ಲ. ಬದುಕಿರುವವರ ಮಿದುಳನ್ನು ಬಿಡಿಸಿ ನೋಡಲಾಗದು. ರಕ್ತ, ಎಂಜಲಿನಲ್ಲಿ ಸಿಗುವ ಗುರುತು ಮಿದುಳಿನದೇ ಆಗಿರಬೇಕೆಂದಿಲ್ಲ. ಅದು ಚಟಕ್ಕೆ ಕಾರಣವೋ ಚಟದ ಪರಿಣಾಮವೋ ಎಂದು ಬಿಡಿಸಲು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳುತನದ ಸಿ-ವೇದ ಅಧ್ಯಯನ ಮೈಸೂರು, ಇಂಫಾಲ, ಕೋಲ್ಕತ್ತ ಸೇರಿ ಹಲವು ಕಡೆ 6ರಿಂದ 23 ವಯಸ್ಸಿನ ಸಾವಿರಾರು ಮಂದಿಯನ್ನು ಹೀಗೆ ಸೇರಿಸಿಕೊಂಡಿದೆ.

ಸಿಗರೇಟಿನ ಗುರುತು ಮಾತ್ರ ರಕ್ತದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸೇದುವವರಲ್ಲಿ ಎಎಚ್‌ಆರ್‌ಆರ್ ಎಂಬ ಜೀನ್ ಮೇಲಿನ ಮೀಥೈಲ್ ಕಡಿಮೆಯಾಗುತ್ತದೆ, ಬಿಟ್ಟರೆ ವರ್ಷಗಳಲ್ಲಿ ನಿಧಾನವಾಗಿ ಮೊದಲಿನತ್ತ ಮರಳುತ್ತದೆ. ಇದಿಷ್ಟನ್ನು ಅಕ್ಕನಿಗೆ ಹೇಳಿದೆ. "ಹಂಗಾರ ರಕ್ತಾನೂ ಬದಲಾಗತೈತೇನು?" ಎಂದಳು. ಆಮೇಲೆ ನಾವು ಮಾತಾಡಿದ್ದು ಮುತ್ಯಾನ ಬಗ್ಗೆ ಅಲ್ಲ. ಬೆಳಿಗ್ಗೆ ಐದರ ಟ್ಯೂಷನ್, ರಾತ್ರಿ ಮನೆಯಲ್ಲಿ ಸಾಲದ ಜಗಳ, ಆರು ಗಂಟೆಯೂ ಸಿಗದ ನಿದ್ದೆ, ಇವುಗಳ ಬಗ್ಗೆ. ಟ್ಯೂಷನ್ ಒಂದನ್ನು ಬಿಡಿಸಿದರು. ಅಳಿಯ ಸಿಗರೇಟನ್ನು ಪೂರಾ ಬಿಟ್ಟಿಲ್ಲ, ಆದರೆ ಸೇದಿದ ದಿನ ಅವ್ವನಿಗೆ ಹೇಳುತ್ತಾನೆ.

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲೂ ಹರೆಯದ ಮಕ್ಕಳಿದ್ದಾರೆ. ಹೊಸ ಶಾಲೆ, ಬೇರೆ ಭಾಷೆ, ಕೋಚಿಂಗ್, ಹಾಸ್ಟೆಲ್ ಎಲ್ಲವೂ ಅವರ ಮೇಲೆ ಬೀಳುತ್ತವೆ. ಯಾವ ಮಗು ಚಟಕ್ಕೆ ಬೀಳುತ್ತದೆ ಎಂದು ಮುಂಚೆಯೇ ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಮನೆಯ ಹಿರಿಯರು ಆ ಫಲಿತಾಂಶವನ್ನು ಮಗುವಿನ ಎದುರೇ ಓದಿಬಿಡದಿದ್ದರೆ ಒಳ್ಳೆಯದು.