ಖಾಲಿಯಾದ ಮೇಜು

"ಚೇಟ್ಟಾ, ಅರ್ಧ ಟೇಬಲ್ ಡಿಲೀಟ್ ಮಾಡಿದೆ, ಡಿಸ್ಕ್ ಮಾತ್ರ ಒಂದು ಚೂರೂ ಇಳಿದಿಲ್ಲ!" ಟೆಕ್ನೋಪಾರ್ಕಿಗೆ ಹೊಸದಾಗಿ ಸೇರಿದ ಹುಡುಗರು ಹೀಗೆ ಗಾಬರಿಯಿಂದ ಬಂದರೆ ನನಗೆ ಒಳಗೊಳಗೇ ಖುಷಿ. ನನ್ನ ಪ್ರೀತಿಯ ವಿಷಯ ಕೊರೆಯಲು ಇಷ್ಟು ನೆಪ ಸಾಕು.

ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಡಿಲೀಟ್ ಎಂದರೆ ಸಾಲಿನ ತಲೆಯಲ್ಲಿ, ಎಕ್ಸ್‌ಮ್ಯಾಕ್ಸ್ ಎಂಬ ಖಾನೆಯಲ್ಲಿ, ಅಳಿಸಿದವರ ಟ್ರಾನ್ಸಾಕ್ಷನ್ ನಂಬರು ಬರೆದಿಡುವುದು, ಅಷ್ಟೇ. ಸಾಲು ತನ್ನ 8 ಕೆಬಿ ಪುಟದಲ್ಲೇ ಇರುತ್ತದೆ. ಮೊದಲೇ ಓದಲು ಕೂತವರಿಗೆ ಅದು ಇನ್ನೂ ಕಾಣಬೇಕಲ್ಲ! ಅವರೆಲ್ಲ ಎದ್ದ ಮೇಲೆ ವ್ಯಾಕ್ಯೂಮ್ ಎಂಬ ಪೊರಕೆ ಬರುತ್ತದೆ. ಸತ್ತ ಸಾಲುಗಳ ವಿಳಾಸ ಗುರುತು ಹಾಕಿಕೊಳ್ಳುತ್ತದೆ, ಇಂಡೆಕ್ಸ್‌ಗಳಿಗೆ ಹೋಗಿ ಆ ವಿಳಾಸಗಳನ್ನು ಕೀಳುತ್ತದೆ, ಆಮೇಲಷ್ಟೇ ಪುಟಕ್ಕೆ ಮರಳಿ ಜಾಗ ಬಿಡಿಸುತ್ತದೆ. ಈ ಕ್ರಮ ತಪ್ಪಿದರೆ ಹಳೇ ವಿಳಾಸ ಹಿಡಿದು ಹೋದ ಇಂಡೆಕ್ಸ್‌ಗೆ ಅಲ್ಲಿ ಬೇರೆ ಯಾರೋ ಸಿಕ್ಕಾರು. ವರ್ಬೋಸ್ ಹಾಕಿ ಓಡಿಸಿದರೆ ಇದೆಲ್ಲದರ ವರದಿ ಪರದೆಯ ಮೇಲೆ ಬರುತ್ತದೆ; ಕೆಲವರು ಕ್ರಿಕೆಟ್ ಸ್ಕೋರು ನೋಡುತ್ತಾರೆ, ನಾನು ಇದನ್ನು.

ಆದರೂ ಟೇಬಲ್ಲಿನ ಫೈಲು ಸಣ್ಣದಾಗುವುದಿಲ್ಲ; ಏಕೆಂದು ಹೇಳಲು ನನಗೊಂದು ಕಾಫಿ ಹೌಸ್ ಬೇಕು. ಊರು ಕಾಸರಗೋಡಿಗೆ ಹೊರಡುವ ಸಂಜೆ, ಮಾವೇಲಿ ಎಕ್ಸ್‌ಪ್ರೆಸ್‌ಗೆ ಹೊತ್ತಿದ್ದರೆ, ತಂಪಾನೂರಿನ ಇಂಡಿಯನ್ ಕಾಫಿ ಹೌಸ್‌ನಲ್ಲಿ ಕೂರುತ್ತೇನೆ. ಲಾರಿ ಬೇಕರ್ ವಿನ್ಯಾಸದ ಆ ಇಟ್ಟಿಗೆ ಕಟ್ಟಡದಲ್ಲಿ ಮಹಡಿಗಳಿಲ್ಲ. ನೆಲವೇ ಸುತ್ತುತ್ತ ಮೇಲೇರುತ್ತದೆ, ಉದ್ದಕ್ಕೂ ಗೋಡೆಗೆ ಅಂಟಿದ ಮೇಜುಗಳು. ಗಿರಾಕಿ ಎದ್ದರೆಂದು ಕಟ್ಟಡ ಕಿರಿದಾಗುತ್ತದೆಯೇ? ಬೀಸಣಿಗೆಯಂಥ ಪೇಟದ ವೇಟರ್ ಮೇಜು ಒರೆಸುತ್ತಾನೆ, ಇನ್ನೊಬ್ಬರು ಬಂದು ಕೂರುತ್ತಾರೆ. ಖಾಲಿ ಜಾಗದ ಲೆಕ್ಕವನ್ನು ಪೋಸ್ಟ್‌ಗ್ರೆಸ್ ಫ್ರೀ ಸ್ಪೇಸ್ ಮ್ಯಾಪ್‌ನಲ್ಲಿ ಇಡುತ್ತದೆ. ಫೈಲಿನ ಕಟ್ಟಕಡೆಯ ಪುಟಗಳು ಪೂರ್ತಿ ಬರಿದಾಗಿದ್ದರೆ ಮಾತ್ರ ಬಾಲ ಕತ್ತರಿಸಿ ಡಿಸ್ಕಿಗೆ ವಾಪಸು.

ಅವಸರದವರಿಗೆ ವ್ಯಾಕ್ಯೂಮ್ ಫುಲ್ ಇದೆ. ಅದು ಟೇಬಲನ್ನೇ ಹೊಸದಾಗಿ ಬರೆಯುತ್ತದೆ, ಮುಗಿಯುವವರೆಗೆ ಓದಲೂ ಬಿಡುವುದಿಲ್ಲ. ಹೊಸ ಪ್ರತಿಗೆ ಡಿಸ್ಕಿನಲ್ಲಿ ಬೇರೆ ಜಾಗವೂ ಬೇಕು. ಡಿಸ್ಕ್ ತುಂಬಿತೆಂದು ಓಡಿ ಬಂದವನಿಗೆ ಎಂಥ ಮದ್ದು! ನನಗದು ಸೇರುವುದಿಲ್ಲ.

ಬರ್ಕಲಿಯಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ 1987ರಲ್ಲಿ ಬರೆದ ಪೋಸ್ಟ್‌ಗ್ರೆಸ್ ವಿನ್ಯಾಸದಲ್ಲಿ ಈ ವ್ಯಾಕ್ಯೂಮ್ ಏನನ್ನೂ ಎಸೆಯುತ್ತಿರಲಿಲ್ಲ. ಹಳೆಯ ಸಾಲುಗಳನ್ನು ಆರ್ಕೈವ್‌ಗೆ ಸಾಗಿಸುವುದೇ ಅದರ ಕೆಲಸ. ಹಿಂದಿನ ಯಾವ ದಿನದ ಸ್ಥಿತಿಯನ್ನಾದರೂ ಕೇಳಿ ನೋಡಬಹುದೆಂಬ ಆಸೆ. ಆ ಆಸೆ ಮುಂದೆ ಕೈಬಿಟ್ಟುಹೋಯಿತು, ಪೊರಕೆ ಉಳಿಯಿತು.

ಇಷ್ಟು ಸಜ್ಜನ ಪೊರಕೆಗೂ ಒಬ್ಬ ಶತ್ರುವಿದ್ದಾನೆ: ಬಿಗಿನ್ ಎಂದು, ಒಂದು ಸಾಲು ಅಪ್‌ಡೇಟ್ ಮಾಡಿ, ಕಮಿಟ್ ಕೊಡದೆ ಊಟಕ್ಕೆ ಹೋದವ. ಅವನ ಆ ಅಪ್‌ಡೇಟ್ ಆದ ಮೇಲೆ ಸತ್ತ ಸಾಲುಗಳನ್ನು ಅವನು ಬರುವವರೆಗೆ ಮುಟ್ಟುವಂತಿಲ್ಲ. ಅವನ ಸೆಷನ್ ಹುಡುಕಿ ಕೊಲ್ಲುವಾಗ ನನಗೆ ಕಿಂಚಿತ್ತೂ ಕರುಣೆ ಬರುವುದಿಲ್ಲ.